ಮಗಳ ಕುರ್ಚಿಗೆ ಎಷ್ಟು ದೊಡ್ಡ ಯಂತ್ರ

"ಮೇಡಂ, ನೀವು ಕಟ್ ಮಾಡೋದ್ರಲ್ಲಿ ಎಲ್ಲಕ್ಕಿಂತ ದೊಡ್ಡ ಪೀಸ್ ಎಷ್ಟುದ್ದ ಬರುತ್ತೆ? ಅದೊಂದು ಹೇಳಿಬಿಡಿ, ಯಾವ ಸೈಜಿನ ಮಷಿನ್ ಬೇಕು ಅಂತ ನಾನು ಹೇಳ್ತೀನಿ."

ಯಂತ್ರ ಮಾರುವ ಬೆಂಗಳೂರಿನ ಹುಡುಗ ಫೋನಿನಲ್ಲಿ ಕೇಳಿದ್ದು ಅಷ್ಟೇ. ನಾನು ಶಾಲೆಯ ಹಿಂದಿನ ಬೇವಿನ ಗಿಡದ ಕೆಳಗೆ ನಿಂತಿದ್ದೆ. ಒಳಗೆ ಒಂಬತ್ತನೆಯ ತರಗತಿಯವರು ಗದ್ದಲ ಹಾಕುತ್ತಿದ್ದರು. "ಆಮ್ಯಾಲ ಹೇಳ್ತೇನಿ" ಎಂದು ಫೋನ್ ಇಟ್ಟೆ. ನಾನು ಲೆಕ್ಕ ಕಲಿಸುವವಳು. ಇಂಗಳೇಶ್ವರದ ಕಡೆಯ ಹಳ್ಳಿಯ ಹೈಸ್ಕೂಲಿನಲ್ಲಿ ಇಷ್ಟು ವರ್ಷ ಮಕ್ಕಳಿಗೆ ಉದ್ದ ಅಗಲ ಹೇಳಿಕೊಟ್ಟವಳು ಅವತ್ತು ಒಂದು ಉದ್ದ ಹೇಳಲಾರದೆ ನಿಂತೆ.

ಕೊರೆಯಬೇಕಿದ್ದದ್ದು ನನ್ನ ಮಗಳ ಕುರ್ಚಿಯ ಹಲಗೆಗಳನ್ನು. ಅವಳಿಗೆ ಆಗ ಒಂಬತ್ತು ವರ್ಷ. ಹುಟ್ಟುವಾಗ ಉಸಿರು ತಡವಾಗಿ ಬಂತು, ಮೆದುಳಿಗೆ ಪೆಟ್ಟಾಯಿತು. ನಡೆಯುವುದಿಲ್ಲ, ಮಾತಾಡುವುದಿಲ್ಲ. ನನ್ನ ಅತ್ತೆ ಬೆಕ್ಕಿಗೆ ಮರಾಠಿಯಲ್ಲಿ ಬೈದರೆ ಮಾತ್ರ ಮೈ ಅಲುಗಾಡುವಂತೆ ನಗುತ್ತಾಳೆ. ಕಾಲುಗಳು ತಾವಾಗಿಯೇ ಒಂದಕ್ಕೊಂದು ಬಿಗಿಯುತ್ತವೆ, ಬೆನ್ನು ಬಲಕ್ಕೆ ವಾಲುತ್ತದೆ. ವಾಲಿದಾಗ ಉಣಿಸಿದರೆ ಅನ್ನ ಗಂಟಲು ಬಿಟ್ಟು ಉಸಿರಿನ ದಾರಿಗೆ ಇಳಿಯುತ್ತದೆ. ಆಮೇಲೆ ಕೆಮ್ಮು, ಜ್ವರ, ಆಸ್ಪತ್ರೆ. ವಿಜಯಪುರದ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಹೇಳಿದ್ದರು: "ಕೂಡಿಸೂದು ಸರಿ ಆಗಬೇಕ್ರಿ. ಇಲ್ಲಾಂದ್ರ ಬೆನ್ನು ಇನ್ನೂ ಬಾಗ್ತೈತಿ, ಎದಿಯೊಳಗ ಉಸಿರಿಗೆ ಜಾಗಾನ ಉಳ್ಯಾಂಗಿಲ್ಲ."

ಸರಿಯಾಗಿ ಕೂಡಿಸುವ ಕುರ್ಚಿ ನಮಗೆ ಎಲ್ಲಿಯೂ ಸಿಗಲಿಲ್ಲ. ಅಂಗವಿಕಲರ ಶಿಬಿರದಲ್ಲಿ ಕೊಟ್ಟ ಗಾಲಿಕುರ್ಚಿ ದೊಡ್ಡವರದು, ಅದರಲ್ಲಿ ಅವಳು ಜಾರಿ ಮುದ್ದೆಯಾಗಿ ಕೂರುತ್ತಿದ್ದಳು. ಬಾಗೇವಾಡಿಯ ಬಡಿಗರೊಬ್ಬರು ಮನಸ್ಸಿಟ್ಟು ಎರಡು ಕುರ್ಚಿ ಮಾಡಿಕೊಟ್ಟರು. ಎರಡೂ ಸೊಂಟದ ಎಲುಬಿಗೆ ಒತ್ತಿ ಗಾಯವಾಯಿತು. ಮೂರನೆಯ ಸಲ ಹೋದಾಗ ಅವರು ಗಾಯ ನೋಡಿ ಮುಖ ತಿರುಗಿಸಿದರು. "ಅಕ್ಕಾರ, ನನ್ನ ಕೈಲೆ ಕೂಸಿಗೆ ನೋವು ಆಗಾಕತ್ತೈತಿ. ಇನ್ನ ನನಗ ಮಾಡಾಕ ಹೇಳಬ್ಯಾಡ್ರಿ" ಎಂದರು. ನಂತರ ನಾನೇ ಕಂಪ್ಯೂಟರಿನಲ್ಲಿ ಕುರ್ಚಿಯ ನಕ್ಷೆ ಬರೆಯಲು ಕಲಿತೆ. ವಿಜಯಪುರದ ಫರ್ನಿಚರ್ ಕಾರ್ಖಾನೆಯಲ್ಲಿ ಸಿಎನ್‌ಸಿ ಯಂತ್ರದ ಮೇಲೆ ಕೊರೆಸಿದೆ. ನಾವು ಎಳೆದುಕೊಟ್ಟ ಗೆರೆಯ ಮೇಲೇ ಕೂದಲೆಳೆ ತಪ್ಪದೆ ಪ್ಲೈವುಡ್ ಕೊರೆಯುವ ಯಂತ್ರ ಅದು. ಕುರ್ಚಿ ಬಹಳ ಚೆನ್ನಾಗಿ ಬಂತು. ಆದರೆ ಅವರ ಕೆಲಸಗಳ ನಡುವೆ ನಮ್ಮ ಸರದಿ ಬರುವಷ್ಟರಲ್ಲಿ ಅವಳ ಮೈ ಬದಲಾಗಿತ್ತು. ತೊಡೆ ಉದ್ದವಾಗಿತ್ತು, ವಾಲುವುದು ಹೆಚ್ಚಾಗಿತ್ತು. ಹೊಸ ಕುರ್ಚಿ ಮನೆಗೆ ಬಂದ ದಿನವೇ ಹಳತಾಗಿತ್ತು. ನಾನು ಆ ಕುರ್ಚಿಯ ಮುಂದೆ ನೆಲದ ಮೇಲೆ ಕುಳಿತು ಅತ್ತುಬಿಟ್ಟೆ. ಅತ್ತು ಎದ್ದಾಗ, ಯಂತ್ರ ನಮ್ಮ ಮನೆಯಲ್ಲೇ ಇರಬೇಕು ಎನ್ನುವುದು ನಿಶ್ಚಯವಾಗಿತ್ತು.

ಇನ್ನು ಉಳಿದದ್ದು ಅಳತೆಯ ಪ್ರಶ್ನೆ. ಪುಸ್ತಕದಷ್ಟು ಜಾಗ ಕೊರೆಯುವ ಯಂತ್ರವೂ ಇತ್ತು, ಇಡೀ ಪ್ಲೈವುಡ್ ಶೀಟ್ ನುಂಗುವಂಥದ್ದೂ ಇತ್ತು. ನಮ್ಮಲ್ಲಿ ಇದ್ದದ್ದು ಹಿತ್ತಲ ಕೊನೆಯಲ್ಲಿ ಜೋಳದ ಚೀಲ ಇಡುವ ಒಂದು ಕೋಣೆ.

ಸಿಂದಗಿಯಲ್ಲಿ ಒಬ್ಬರು ಮನೆಯಲ್ಲೇ ಸಣ್ಣ ಯಂತ್ರ ಇಟ್ಟುಕೊಂಡು ನಾಮಫಲಕ ಮಾಡುತ್ತಾರೆ ಎಂದು ಕೇಳಿ, ಒಂದು ರವಿವಾರ ದೇವರ ಹಿಪ್ಪರಗಿ ಮೇಲೆ ಹಾಯುವ ಬಸ್ಸು ಹಿಡಿದು ಹೋದೆ. ನನಗಿಂತ ಚಿಕ್ಕವರು, ಮಾತು ಜೋರು. ಅವರ ಯಂತ್ರದ ಮೇಜು ಎರಡಡಿ ಚೌಕ.

"ಮಷಿನ್ ಎಷ್ಟು ದೊಡ್ಡದೈತಿ ಅಂತ ನೋಡಬ್ಯಾಡ್ರಿ ಟೀಚರ. ಕೊರಿಯೋ ಮೊನಿ ಎಲ್ಲೀಮಟ ಹೋಗಿ ಮುಟ್ಟತೈತಿ, ಅದನ್ನ ನೋಡ್ರಿ. ಸುತ್ತ ಒಬ್ಬರು ಅಡ್ಡಾಡೋ ಅಷ್ಟು ಜಾಗಾನೂ ಬಿಡ್ರಿ, ಹೊಟ್ಟು ತಗೀಬೇಕಲ್ಲ" ಎಂದರು.

"ಮೇಜಿಗಿಂತ ಉದ್ದದ ಹಲಗಿ ಇದ್ರ?"

ಅವರು ಗೋಡೆಗೆ ಒರಗಿಸಿದ್ದ ಒಂದು ಉದ್ದನೆಯ ಫಲಕ ತಂದರು. ಅರ್ಧ ಕೊರೆದು, ಹಲಗೆ ಮುಂದಕ್ಕೆ ಸರಿಸಿ, ಉಳಿದರ್ಧ ಕೊರೆದದ್ದು. "ಇಲ್ಲಿ ಕೈ ಆಡಸ್ರಿ" ಎಂದರು. ಎರಡು ಅರ್ಧ ಸೇರುವಲ್ಲಿ ಬೆರಳಿಗೆ ಸಣ್ಣ ಏರೊಂದು ತಾಕಿತು. "ಬೋರ್ಡಿಗೆ ನಡೀತೈತಿ, ಸಂದಿಗೆ ಪುಟ್ಟಿ ಬಳದು ಬಣ್ಣಾ ಹೊಡೀತೇನಿ." ನನ್ನ ಬೆರಳು ಅಲ್ಲೇ ಉಳಿಯಿತು. ಅಷ್ಟು ಏರು ಸಾಕು ನನ್ನ ಮಗಳ ಬೆನ್ನ ಚರ್ಮ ಕೆಂಪಾಗಲು.

ಹಾಗಾದರೆ ದೊಡ್ಡದನ್ನೇ ತರುವುದು ಎಂದುಕೊಂಡೆ. ಮುದ್ದೇಬಿಹಾಳಕ್ಕೆ ಅವಳನ್ನು ವ್ಯಾಯಾಮ ಮಾಡಿಸಲು ಕರೆದೊಯ್ಯುತ್ತಿದ್ದೆವು. ಇಂಡಿ ಪಟ್ಟಣದ ಕಚೇರಿಯಲ್ಲಿ ಕೆಲಸ ಮಾಡುವ ನನ್ನ ಗಂಡ ಆ ವಾರ ರಜೆ ಹಾಕಿ ಬಂದಿದ್ದರು. ವ್ಯಾಯಾಮ ಮುಗಿಸಿ ಬರುವಾಗ ಊರ ಹೊರಗೆ ಬಾಗಿಲು ಮಾಡುವ ಅಂಗಡಿಯೊಂದರ ಮುಂದೆ ಆಟೋ ನಿಲ್ಲಿಸಿದೆವು. ಎಂಟಡಿ ಉದ್ದ, ನಾಲ್ಕಡಿ ಅಗಲದ ಯಂತ್ರ. ಮಾಲೀಕರು ಅಭಿಮಾನದಿಂದ ಚಾಲೂ ಮಾಡಿ ತೋರಿಸಿದರು.

ಆ ಸದ್ದಿಗೆ ಆಟೋದಲ್ಲಿ ಅಪ್ಪನ ತೊಡೆಯ ಮೇಲಿದ್ದ ಮಗಳು ಬಿಲ್ಲಿನಂತೆ ಹಿಂದಕ್ಕೆ ಬಾಗಿದಳು. ಕೈ ಕಾಲು ಸೆಟೆದವು. ಉಸಿರು ನಿಂತಂತಾಯಿತು. ತುಟಿಯ ಬಣ್ಣ ಹೋಯಿತು. "ಬಂದ್ ಮಾಡ್ರಿ! ಬಂದ್ ಮಾಡ್ರಿ!" ಎಂದು ಇವರು ಕೂಗಿದ್ದು ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ನಾನೇ ಓಡಿ ಹೋಗಿ ಆ ಮಾಲೀಕರ ತೋಳು ಹಿಡಿದು ಜಗ್ಗಿದೆ. ಯಂತ್ರ ನಿಂತ ಮೇಲೂ ಅವಳು ಉಸಿರು ಬಿಡಲಿಲ್ಲ. ಬೆನ್ನು ತಿಕ್ಕಿದೆವು, ಮುಖಕ್ಕೆ ನೀರು ಚಿಮುಕಿಸಿದೆವು. ಕೊನೆಗೆ ಅವಳು ಅತ್ತಾಗ ನಾವಿಬ್ಬರೂ ಆ ಅಳುವಿಗೇ ಕೈ ಮುಗಿಯುವಂತಾದೆವು.

ಬಾಗೇವಾಡಿಯ ದಾರಿಯಲ್ಲಿ ಅವಳು ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಆಮೇಲೆ ಇವರೇ ಮಾತು ಶುರು ಮಾಡಿದರು.

"ಎರಡಡಿ ಚೌಕದ್ದ ತಗೊಳ್ಳೋಣು. ಈಗಿನ ಕುರ್ಚಿಗೆ ಸಾಕಾಗ್ತದ."

"ನಾಕು ವರ್ಷ ಆದಮ್ಯಾಲ?"

"ಆವಾಗಿಂದು ಆವಾಗ."

"ಆವಾಗ ಅಂದ್ರ? ಆಕಿ ದೊಡ್ಡಾಕಿ ಆಗೂದಿಲ್ಲೇನು?"

ಇವರು ಹೊರಗಿನ ತೊಗರಿ ಹೊಲದ ಕಡೆ ಮುಖ ಮಾಡಿದರು. ಇವರು ಯಂತ್ರದ ಉದ್ದ ಹೇಳುತ್ತಿಲ್ಲ, ಮಗಳ ಆಯುಷ್ಯ ಹೇಳುತ್ತಿದ್ದಾರೆ ಎಂದು ಗೊತ್ತಾಯಿತು. ಸಿಟ್ಟು ಮೈಯೆಲ್ಲ ಏರಿತು. ಬೇವಿನ ಗಿಡದ ಕೆಳಗೆ ನನ್ನ ಬಾಯಿ ಕಟ್ಟಿದ್ದೂ ಇದೇ ಭಯ ಎಂದು ಗೊತ್ತಿದ್ದರಿಂದ ಆ ಸಿಟ್ಟು ಇಮ್ಮಡಿಯಾಯಿತು. ಅವರು ಇಂಡಿಗೆ ಹೊರಟಾಗ ಬಾಗಿಲತನಕ ಹೋಗಲಿಲ್ಲ. ಆ ವಾರ ಅವರ ಫೋನು ಬಂದಾಗೆಲ್ಲ ಅತ್ತೆಯ ಕೈಗೆ ಕೊಟ್ಟೆ.

ಶನಿವಾರ ಸಂಜೆ ಅವರು ಬಂದಾಗ ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಗೋಡೆಗೆ ಬೆನ್ನು ಹಚ್ಚಿ ಕುಳಿತು ಟೇಪು ಅವರ ಕೈಗೆ ಕೊಟ್ಟೆ.

"ನನ್ನ ಅಳತಿ ತಗೋರಿ."

"ನಿಂದ್ಯಾಕ?"

"ಆಕಿ ನನ್ನಷ್ಟು ಬೆಳದ್ರ ಎಷ್ಟುದ್ದದ ಹಲಗಿ ಬೇಕು, ನೋಡೋಣು."

ಅವರು ಚೀಲವನ್ನೂ ಇಳಿಸದೆ ನಿಂತರು. ಆಮೇಲೆ ಮೊಣಕಾಲೂರಿ ಕುಳಿತು ಅಳೆಯತೊಡಗಿದರು. ಪಾದದಿಂದ ಮೊಣಕಾಲು, ಮೊಣಕಾಲಿಂದ ಸೊಂಟ, ಸೊಂಟದಿಂದ ಭುಜ. ತಲೆಯ ಹತ್ತಿರ ಬಂದಾಗ ಟೇಪು ಕೆಳಗಿಟ್ಟರು.

"ನನಗ ಹೆದರಿಕಿ ಆಗ್ತದ" ಎಂದರು. "ದೊಡ್ಡದು ತಂದು, ನಾಳೆ ಅದು ಸುಮ್ನ ನಿಂತ್ರ, ನನಗ ನೋಡಾಕ ಆಗೂದಿಲ್ಲ."

"ನನಗೂ ಆಗೂದಿಲ್ಲ. ಖರೆ ಆಕಿ ಬೆಳದಾಗ ನಮ್ಮ ಕಡೆ ಹಲಗಿ ಇಲ್ಲ ಅಂದ್ರ, ಆಕಿ ಮುಖಾ ಹೆಂಗ ನೋಡೋದು?"

ಅವರು ಅತ್ತರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಒಳಗಿನಿಂದ ಅತ್ತೆ "ಕಾಯ್ ಝಾಲಂ?", ಏನಾಯಿತು ಎಂದು ಮರಾಠಿಯಲ್ಲಿ ಕೇಳಿದರು. ನಾನು ಅಳತೆಗಳನ್ನು ಬರೆದುಕೊಂಡೆ.

ಗಾಲಿ ಮತ್ತು ಕೆಳಗಿನ ಚೌಕಟ್ಟು ಬೇರೆಯೇ ಬರುವುದರಿಂದ, ನನ್ನಷ್ಟು ಎತ್ತರದ ಹೆಂಗಸಿನ ಕುರ್ಚಿಗೂ ಒಂದೇ ತುಂಡಿನ ಬೆನ್ನಿನ ಹಲಗೆ ನಾಲ್ಕಡಿಯೊಳಗೇ ಮುಗಿಯುತ್ತಿತ್ತು, ಅಗಲ ಎರಡಡಿಯೊಳಗೆ. ಎರಡಡಿ ಅಗಲ, ನಾಲ್ಕಡಿ ಉದ್ದ. ಮನೆಯ ಸಿಂಗಲ್ ಫೇಸ್ ಕರೆಂಟಿನಲ್ಲೇ ನಡೆಯುವಂಥದ್ದು. ಕೋಣೆಯ ನೆಲದ ಮೇಲೆ ಸುಣ್ಣದಲ್ಲಿ ಯಂತ್ರದ ಗೆರೆ ಎಳೆದು ಸುತ್ತ ನಡೆದು ನೋಡಿದೆವು. ಜೋಳದ ಚೀಲಗಳು ಪಡಸಾಲೆಗೆ ಬಂದವು. ಮರುದಿನ ಬೆಂಗಳೂರಿನ ಹುಡುಗನಿಗೆ ಫೋನ್ ಮಾಡಿ ಅಳತೆ ಹೇಳಿದೆ.

ಯಂತ್ರ ಬಂತು. ಬಾಗಿಲ ಚೌಕಟ್ಟು ಕಿತ್ತು ಒಳಗೆ ತಂದೆವು. ಗೋಡೆಗೆ ಹಳೆಯ ಗಾದಿ ಹೊಡೆದು ಸದ್ದು ತಡೆದೆವು. ಕೊರೆಯುವಾಗ ಅತ್ತೆ ಅವಳನ್ನು ಎತ್ತಿಕೊಂಡು ಓಣಿಯ ಆಚೆಯ ಗುಡಿಗೆ ಹೋಗುತ್ತಿದ್ದರು. ಮೊದಲ ಬೆನ್ನು ಹಲಗೆ ಮುಕ್ಕಾಲು ಕೊರೆದಿತ್ತು, ಕರೆಂಟು ಹೋಯಿತು. ಮತ್ತೆ ಬಂದಾಗ ಯಂತ್ರಕ್ಕೆ ತಾನೆಲ್ಲಿದ್ದೆ ಎನ್ನುವುದೇ ಮರೆತಿತ್ತು, ಹಲಗೆಯ ನಡುವೆ ಸೀಳಿಕೊಂಡು ಹೋಯಿತು. ಎರಡನೆಯದು ಸರಿಯಾಗಿ ಬಂತು. ಸ್ಪಂಜು ಹಚ್ಚಿ, ಬಟ್ಟೆ ಹೊಲಿದು ಕೂಡಿಸಿದೆವು. ಅವಳ ತಲೆ ನೆಟ್ಟಗೆ ನಿಂತಿತು. ಅವಳು ಎದುರಿಗಿದ್ದ ನನ್ನನ್ನು ನೆಟ್ಟಗೆ ನೋಡಿದಳು. ಆ ಬೇಸಿಗೆಯಲ್ಲಿ ಎರಡು ಸಲ ಕುರ್ಚಿ ದೊಡ್ಡದು ಮಾಡಿದೆ.

ಚಳಿಗಾಲದಲ್ಲಿ ಅವಳ ಎದೆ ಮತ್ತೆ ಕಟ್ಟಿತು. ವಿಜಯಪುರದ ಆಸ್ಪತ್ರೆಯಲ್ಲಿ ಬಹಳ ದಿನ ಉಳಿದೆವು. ಮೂಗಿನಲ್ಲಿ ನಳಿಗೆ, ಅದರಿಂದಲೇ ಊಟ. ಒಂದು ಸಂಜೆ ಡಾಕ್ಟರು ನಮ್ಮಿಬ್ಬರನ್ನೂ ಹೊರಗೆ ಕರೆದು, ಮನಸ್ಸು ಗಟ್ಟಿ ಮಾಡ್ಕೋರಿ ಎಂದರು. ಇವರು ಒಳಗೆ ಹೋಗಿ ಅವಳ ಪಾದ ಹಿಡಿದು ಕುಳಿತವರು ಬೆಳಗಾಗುವವರೆಗೆ ಏಳಲಿಲ್ಲ.

ಅವಳು ಉಳಿದಳು. ಮನೆಗೆ ಬಂದು ಕುರ್ಚಿಯಲ್ಲಿ ಕೂಡಿಸಿದಾಗ ಎರಡೂ ಕಡೆ ನನ್ನ ಅಂಗೈ ಹೋಗುವಷ್ಟು ಸಂದಿ ಇತ್ತು. ಅಷ್ಟು ಇಳಿದಿದ್ದಳು. ಬೆಳೆಯುತ್ತಾಳೆಂದು ತಂದ ಯಂತ್ರದ ಮೇಲೆ ಕಳೆದ ವರ್ಷಕ್ಕಿಂತ ಸಣ್ಣ ಹಲಗೆ ಕೊರೆಯಬೇಕಾಯಿತು. ಇವರು ಹೊಟ್ಟು ಎಳೆಯುವ ಪೈಪು ಹಿಡಿದು ಯಂತ್ರದ ಪಕ್ಕ ನಿಂತಿದ್ದರು. ಮೇಜು ಅರ್ಧಕ್ಕಿಂತ ಹೆಚ್ಚು ಖಾಲಿ. ಇಬ್ಬರಿಗೂ ಅದು ಕಾಣುತ್ತಿತ್ತು. "ಚಾಲೂ ಮಾಡು" ಎಂದರು. ಮಾಡಿದೆ.

ಮೊನ್ನೆ ನಳಿಗೆ ತೆಗೆದ ಮೇಲೆ ಮೊದಲ ಸಲ ಬಾಯಿಂದ ಉಣಿಸಿದೆ. ಮಜ್ಜಿಗೆ ಹಾಕಿ ತೆಳ್ಳಗೆ ಮಾಡಿದ ಜೋಳದ ನುಚ್ಚು. ಮೊದಲ ಚಮಚ ಇಳಿಯಿತು. ಎರಡನೆಯದೂ ಇಳಿಯಿತು. ಮೂರನೆಯದಕ್ಕೆ ಕೆಮ್ಮಿದಳು. ನಾನು ಚಮಚ ಕೆಳಗಿಟ್ಟೆ. ಇವರು ಅವಳ ಎದೆಗೆ ಕಿವಿಯಿಟ್ಟು ಕೇಳಿದರು. ಕೆಮ್ಮು ನಿಂತ ಮೇಲೂ ನಾವಿಬ್ಬರೂ ಅಲುಗಾಡದೆ, ಮುಂದಿನ ತುತ್ತು ಕೊಡಲೋ ಬೇಡವೋ ಎಂದು ಅವಳ ಮುಖವನ್ನೇ ನೋಡುತ್ತ ಕುಳಿತಿದ್ದೆವು. ಅವಳೇ ಬಾಯಿ ತೆರೆದಳು.