ಸಿಸ್ಟರ್ ತಂದ ಸೀಸೆ

ಹೋದ ವಾರ ಮೊಮ್ಮಗುವಿಗೆಂದು ಹಳೇ ವಾಯಿಲ್ ಸೀರೆ ಹರಿದು ಕುದಿಯುವ ನೀರಿಗೆ ಹಾಕಿದೆ. ಬೆಂದ ಬಟ್ಟೆಯ ವಾಸನೆ ಎದ್ದದ್ದೇ ತಡ, ಜಾಲಹಳ್ಳಿಯ ಫ್ಯಾಕ್ಟರಿ ಕ್ವಾರ್ಟರ್ಸು, ಹಿಂದಿನ ಸಾಲಿನ ಸಿಸ್ಟರ್, ನನ್ನ ಅತ್ತೆ... ಎಲ್ಲ ಒಟ್ಟಿಗೆ ನೆನಪಾಯಿತು.

ಎಂಬತ್ತರ ದಶಕ. ನನಗೆ ಮದುವೆಯಾಗಿ ಎರಡು ವರ್ಷ. ಅತ್ತೆಯ ಎದೆಯಲ್ಲಿ ಕ್ಯಾನ್ಸರ್ ಹುಣ್ಣಾಗಿ ಒಡೆದಿತ್ತು. ಇನ್ನು ಮಾಡುವುದೇನಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ದೊಡ್ಡಾಸ್ಪತ್ರೆಯಲ್ಲಿ ಹೇಳಿಬಿಟ್ಟಿದ್ದರು. ಗಂಡ ಫ್ಯಾಕ್ಟರಿಗೆ ಹೋದ ಮೇಲೆ ಅವರ ಜೊತೆ ನಾನೊಬ್ಬಳೇ. ನರಳಾಟ ಶುರುವಾದರೆ ಅಡುಗೆಮನೆಗೆ ಹೋಗಿ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಹುಣ್ಣು ನೋಡಲು ಭಯ, ನನ್ನೆದುರೇ ಹೋಗಿಬಿಟ್ಟರೆ ಎಂಬ ಭಯ.

ಸಿಸ್ಟರ್ ಫ್ಯಾಕ್ಟರಿ ಆಸ್ಪತ್ರೆಯ ನರ್ಸು. ನರಳುವುದು ಕೇಳಿ ತಾವಾಗಿಯೇ ಬಂದರು. ಹಳೇ ಸೀರೆ ಕುದಿಸಿ, ಒಣಗಿಸಿ, ಹುಣ್ಣಿಗೆ ಕಟ್ಟುವುದನ್ನು ನನಗೆ ಕಲಿಸಿದರು. ಒಂದು ದಿನ ಅತ್ತೆ ಅವರ ಕೈ ಹಿಡಿದು ಕೇಳಿದರು, "ಸಿಸ್ಟರಮ್ಮ, ನಾನು ಸತ್ತೋಯ್ತೀನಾ?"

ಮನೆಯಲ್ಲಿ ಯಾರೂ ಆ ಮಾತು ಎತ್ತಿರಲಿಲ್ಲ.

"ಹೂಂ ಕಣಮ್ಮ," ಎಂದರು ಸಿಸ್ಟರ್. "ಅದಕ್ಕೆ ಹೆದರಿಕೆನಾ?"

"ಅದ್ಕಲ್ಲ. ಈ ನೋವಿಗೆ."

ಮಾರನೇ ದಿನವೇ ಸಿಸ್ಟರ್ ನನ್ನ ಗಂಡನನ್ನು ಕರೆದುಕೊಂಡು ದೊಡ್ಡಾಸ್ಪತ್ರೆಗೆ ಹೋದರು. ಡಾಕ್ಟರ ಹತ್ತಿರ ಕೂತು, ಕೇಳಿ, ಬರೆಸಿ, ಮಾರ್ಫಿನ್ ಔಷಧಿಯ ಪುಟ್ಟ ಸೀಸೆ ತಂದರು. ಆಗ ಅದು ಸುಲಭಕ್ಕೆ ಸಿಗುತ್ತಿರಲಿಲ್ಲ. ಅದನ್ನು ಕುಡಿಸಿದರೆ ಉಸಿರೇ ನಿಂತುಹೋಗುತ್ತದೆ ಎಂದು ಅಮ್ಮನನ್ನು ನೋಡಲು ಬಂದಿದ್ದ ನಾದಿನಿ ಅತ್ತಳು.

"ಡಾಕ್ಟರು ಬರೆದಷ್ಟೇ ಅಳೆದು ಕೊಡು. ಏನೂ ಆಗಲ್ಲ," ಎಂದು ನನಗೆ ಹೇಳಿ ಸಿಸ್ಟರ್ ಡ್ಯೂಟಿಗೆ ಹೋದರು.

ಮಧ್ಯಾಹ್ನ ಅಳೆಯುವಾಗ ಒಂದಿಷ್ಟು ಚೆಲ್ಲಿತು. ಮತ್ತೆ ಅಳೆದು ಕುಡಿಸಿದೆ. ಸ್ವಲ್ಪ ಹೊತ್ತಿಗೆ ಅತ್ತೆ ಕಣ್ಣು ಮುಚ್ಚಿದರು. ಕೊಂದುಬಿಟ್ಟೆನಾ... ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಲೇ ಕೂತೆ. ಸಂಜೆ ಅವರು ಕಣ್ಣು ಬಿಟ್ಟು, "ಒಸಿ ಕಾಪಿ ಕೊಡ್ತೀಯಾ?" ಎಂದರು. ಎಷ್ಟೋ ತಿಂಗಳ ಮೇಲೆ ಅವರಾಗಿ ಕೇಳಿದ್ದು. ಒಲೆ ಮುಂದೆ ನಿಂತು ಅತ್ತುಬಿಟ್ಟೆ.

ಒಂದು ತಿಂಗಳು ಕಳೆದು, ಒಂದು ದಿನ ಬೆಳಿಗ್ಗೆ, ಅತ್ತೆ ನನ್ನ ಮತ್ತು ಸಿಸ್ಟರ್ ನಡುವೆ ಮಲಗಿ ನರಳದೆ ಹೋದರು.

ಈಗ ಇದಕ್ಕೆಂದೇ ಆಸ್ಪತ್ರೆಗಳಿವೆ, ಮನೆಗೇ ಬರುವ ನರ್ಸುಗಳಿದ್ದಾರೆ. ಸಿಸ್ಟರ್‌ಗೂ ಅದೇ ಕಾಯಿಲೆಯಂತೆ, ಕೆಂಪಾಪುರದಲ್ಲಿ ತಂಗಿಯ ಮನೆಯಲ್ಲಿದ್ದಾರಂತೆ ಎಂದು ಐದಾರು ವರ್ಷದ ಹಿಂದೆ ತಿಳಿಯಿತು. ಅಲ್ಲಿಗೆ ಹತ್ತಿರದ ಹೆಬ್ಬಾಳದವರೆಗೆ ಬಸ್ಸಿನಲ್ಲಿ ಹೋದೆ. ಇಳಿದು, ನಿಂತು, ಅದೇ ಹಳೇ ಹೆದರಿಕೆಗೆ... ವಾಪಸ್ ಬಸ್ಸು ಹತ್ತಿದೆ. ಹದಿನೈದು ದಿನಕ್ಕೆ ಅವರು ಹೋದ ಸುದ್ದಿ ಬಂತು.

ಕೊನೆಗೆ ಅವರ ಪಕ್ಕ ಯಾರು ಕೂತಿದ್ದರು ಎಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.