ಬೆಟ್ಟದವರು ಆರಿಸಿದ ನ್ಯಾಯಾಧೀಶ

ಅಮೆರಿಕದ ಅರ್ಕಾನ್ಸಾಸ್ ರಾಜ್ಯದ ಬೆಟ್ಟಸೀಮೆಯ ಪೈನ್ ರಿಜ್‌ನಲ್ಲಿ ವರ್ಲಾ ಸ್ಟೈಲ್ಸ್‌ಳ ಕ್ಷೌರದಂಗಡಿ ಕೋರ್ಟಿನ ಎದುರಿಗೇ ಇತ್ತು. ಗಂಡ ತೀರಿಕೊಂಡ ಮೇಲೆ ಕತ್ತರಿ ಹಿಡಿದೇ ಮಗಳನ್ನು ಸಾಕಿದವಳು. ಊರಿನ ಗಂಡಸರೆಲ್ಲ ಅವಳ ಮುಂದೆ ತಲೆ ತಗ್ಗಿಸಿ ಕೂರಲೇಬೇಕು, ಕೂತ ಮೇಲೆ ಅವಳ ಮಾತು ಕೇಳಲೇಬೇಕು.

ಎದುರಿಗಿದ್ದ ಕೋರ್ಟಿಗೆ ನ್ಯಾಯಾಧೀಶರು ಬರುವುದೇ ಅಪರೂಪ. ಬೆಟ್ಟದ ಎರಡು ಕೌಂಟಿಗಳೂ ನದಿ ದಂಡೆಯ ಹಾರ್ಲನ್ ನಗರವೂ ಸೇರಿ ಒಂದೇ ನ್ಯಾಯ ಜಿಲ್ಲೆ. ನಾಲ್ವರು ನ್ಯಾಯಾಧೀಶರನ್ನೂ ಇಡೀ ಜಿಲ್ಲೆಯ ಮತದಾರರು ಆರಿಸುತ್ತಿದ್ದರು. ನಗರದಲ್ಲಿ ಮತ ಹೆಚ್ಚು, ಹಾಗಾಗಿ ನಾಲ್ವರೂ ನಗರದವರೇ. ಮಗಳು ಜೋಲೀನ್, ಹೊಡೆಯುವ ಗಂಡನಿಂದ ರಕ್ಷಣೆ ಕೇಳಿ ಅರ್ಜಿ ಹಾಕಿದಾಗ ವಿಚಾರಣೆ ಹಾರ್ಲನ್‌ನಲ್ಲೇ ನಿಗದಿಯಾಯಿತು. ಅವತ್ತು ರಸ್ತೆಯ ಮೇಲೆಲ್ಲ ಮಂಜುಗಡ್ಡೆ. ಕಾರು ಜಾರಿ ರಸ್ತೆಬದಿಯ ಚರಂಡಿಗಿಳಿದು ತಾಯಿ ಮಗಳು ಅರ್ಧದಾರಿಯಲ್ಲೇ ಸಿಕ್ಕಿಕೊಂಡರು. ಹೆಸರು ಕೂಗಿದಾಗ ಯಾರೂ ಇಲ್ಲವೆಂದು ಅರ್ಜಿ ವಜಾ ಆಯಿತು. ಮತ್ತೆ ಅರ್ಜಿ ಹಾಕಿ ಆದೇಶ ಕೈಸೇರುವ ಹೊತ್ತಿಗೆ ಗಂಡ ಜೋಲೀನಳ ಕೈ ಮುರಿದಿದ್ದ.

ಆಮೇಲೆ ವರ್ಲಾ ಸುಮ್ಮನಿರಲಿಲ್ಲ. ಒಂದು ಸ್ಥಾನಕ್ಕಾದರೂ ಬೆಟ್ಟದವರಷ್ಟೇ ಮತ ಹಾಕಬೇಕು ಎಂದು ಸಿಕ್ಕಿದವರ ಮುಂದೆಲ್ಲ ಹೇಳಿದಳು, ಶಾಸಕನ ಬೆನ್ನು ಬಿದ್ದಳು, ರಾಜಧಾನಿಯಲ್ಲಿ ಶಾಸನಸಭೆಯ ಸಮಿತಿಯ ಎದುರು ಹೋಗಿ ನಿಂತಳು. ನ್ಯಾಯಾಧೀಶ ಎಲ್ಲಿಯವನಾದರೇನು, ಕಾನೂನು ಒಂದೇ ತಾನೇ ಎಂದು ಒಬ್ಬ ಸದಸ್ಯ ಕೇಳಿದ.

"ಒಂದೇ ಸಾರ್, ಇಲ್ಲ ಅನ್ನಲ್ಲ," ಎಂದಳು ವರ್ಲಾ. "ಅವತ್ತು ನನ್ನ ಮಗಳ ಹೆಸರು ಕೂಗಿದಾಗ ಆ ಕಾನೂನು ಹಾರ್ಲನ್‌ನಲ್ಲಿತ್ತು, ನಾವು ಚರಂಡೀಲಿದ್ವಿ."

ಕೆಲವು ವರ್ಷ ಎಳೆದಾಡಿದ ಮೇಲೆ ನಿಯಮ ಬದಲಾಗಿ, ಒಂದು ಸ್ಥಾನ ಬೆಟ್ಟದವರ ಮತಕ್ಕೇ ಮೀಸಲಾಯಿತು. ಪೈನ್ ರಿಜ್‌ನ ವಕೀಲ ಡ್ವೈಟ್ ಪ್ರೂಯೆಟ್ ಚುನಾವಣೆಗೆ ನಿಂತ. ವರ್ಲಾ ಅವನ ಪರವಾಗಿ ಮನೆಮನೆ ಅಲೆದಳು. ಪಕ್ಕದ ಜಮೀನಿನ ಓರ್ವಲ್ ಟೀಗ್ ಎದುರಾಳಿಯ ಕಡೆ ಓಡಾಡಿದ. ಪ್ರೂಯೆಟ್ ಗೆದ್ದ.

ಮರುವರ್ಷ ಓರ್ವಲ್‌ನ ದನಗಳು ಬೇಲಿ ಮುರಿದು ವರ್ಲಾಳ ತೋಟ ಮೇಯ್ದವು. ಅವಳು ದಾವೆ ಹೂಡಿದಳು. ಪ್ರೂಯೆಟ್ ಕಡತ ನೋಡಿದವನೇ, ವಾದಿ ತನ್ನ ಪರ ಪ್ರಚಾರ ಮಾಡಿದವಳೆಂದು ಪ್ರಕರಣವನ್ನು ಹಾರ್ಲನ್‌ಗೆ ಕಳಿಸಿಬಿಟ್ಟ.

ವರ್ಲಾಳಿಗೆ ಮೈಯೆಲ್ಲ ಉರಿಯಿತು. ಅವನು ಕ್ಷೌರಕ್ಕೆ ಬಂದಾಗ ತುಟಿ ಬಿಚ್ಚದೆ ಕತ್ತರಿ ಆಡಿಸಿದಳು. ಕೊನೆಗೆ ಅವನೇ ಬಾಯಿಬಿಟ್ಟ.

"ವರ್ಲಾ ಅವರೇ, ನಾನೇ ವಿಚಾರಣೆಗೆ ಕೂತು ನಿಮ್ಮ ಕಡೆ ತೀರ್ಪು ಕೊಟ್ಟಿದ್ರೆ ಓರ್ವಲ್ ಏನಂತಿದ್ದ?"

"ಅವಳ ನ್ಯಾಯಾಧೀಶ, ಅವಳ ತೀರ್ಪು ಅಂತಿದ್ದ."

"ಮತ್ತೆ?"

ಅವಳು ಅವನ ಕುತ್ತಿಗೆಯ ಮೇಲಿನ ಕೂದಲನ್ನು ಸ್ವಲ್ಪ ಮೆತ್ತಗೆ ಜಾಡಿಸಿದಳು.

ವಿಚಾರಣೆಯ ದಿನ ಅವಳ ಕಾರು ಹೊರಡಲಿಲ್ಲ. ಓರ್ವಲ್ ತನ್ನ ಟ್ರಕ್ ನಿಲ್ಲಿಸಿ ಬಾಗಿಲು ತೆರೆದ. "ನೀನು ಬರದಿದ್ರೆ ನಾನು ಯಾರ ಜೊತೆ ಜಗಳ ಆಡ್ಲಿ? ಹತ್ತು."

ನಗರದ ನ್ಯಾಯಾಧೀಶೆ ಇಬ್ಬರ ಮಾತನ್ನೂ ಕೇಳಿ, ಬೇಲಿಯನ್ನು ಇಬ್ಬರೂ ಸೇರಿ ಕಟ್ಟಬೇಕು, ತೋಟದ ನಷ್ಟ ಓರ್ವಲ್‌ನದು ಎಂದಳು. ವಾಪಸು ಬರುವಾಗ ದಾರಿಯಲ್ಲಿ ಕರಿದ ಮೀನು ತಿಂದರು. ಮುಂದಿನ ಸಲವೂ ಪ್ರೂಯೆಟ್‌ಗೇ ಮತವೋ ಎಂದು ಓರ್ವಲ್ ಕೆಣಕಿದ.

"ಅವನಿಗೇ," ಎಂದಳು ವರ್ಲಾ. "ಆದ್ರೆ ಆಗ ಮನೆಮನೆ ತಿರುಗಲ್ಲ. ತೋಟ ಇದೆಯಲ್ಲ, ನಿನ್ನ ದನ ಮತ್ತೆ ನುಗ್ಗಬಹುದು. ಆ ಕೇಸನ್ನಾದ್ರೂ ಅವನೇ ನಮ್ಮೂರಲ್ಲಿ ಕೇಳ್ಲಿ."