ಪಾಲು ಹಾಕಿದವನು ಕೊನೆಗೆ

ಹೋದ ವಾರ ನಾನು ಕಲಿಸುವ ಕಾಲೇಜಿನ ಗಣಿತದ ಸರ್ ತಮ್ಮ ಮಗಳ ಹುಟ್ಟುಹಬ್ಬಕ್ಕೆಂದು ನಮ್ಮನ್ನೆಲ್ಲ ನಿಪ್ಪಾಣಿಯ ಹೊಸ ಪಿಜ್ಜಾ ಅಂಗಡಿಗೆ ಕರೆದುಕೊಂಡು ಹೋಗಿದ್ದರು. ಪಿಜ್ಜಾದ ಜೊತೆ ಹೆಬ್ಬೆರಳಿನಷ್ಟು ಚಿಕ್ಕ ಪೊಟ್ಟಣಗಳು ಬಂದವು. ಒಂದರಲ್ಲಿ ಒಣಮೆಣಸಿನಕಾಯಿ ಚೂರು, ಇನ್ನೊಂದರಲ್ಲಿ ಯಾವುದೋ ಒಣಗಿದ ಸೊಪ್ಪಿನ ಪುಡಿ. ಆ ಎರಡನೆಯದನ್ನು ಹರಿದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಹುಟ್ಟುಹಬ್ಬಕ್ಕೆ ಬಂದು ಮುಖ ಗಂಟು ಹಾಕಿಕೊಂಡು ಕೂತವಳನ್ನು ನೋಡಿ ಪಕ್ಕದವರು ಖಾರ ಹೆಚ್ಚಾಯಿತೇನೋ ಎಂದು ನೀರು ಕೊಟ್ಟರು. ಖಾರ ಅಲ್ಲ, ನನಗೆ ಚಾಚಾ ನೆನಪಾಗಿದ್ದರು.

ಚಾಚಾ ನಮ್ಮ ಪಕ್ಕದ ಮನೆಯವರು. ಅವರ ಅಡುಗೆಮನೆಯ ಗೋಡೆಯೇ ನಮ್ಮ ಹಿತ್ತಿಲ ಗೋಡೆ. ಪ್ರಾಯದಲ್ಲಿ ರತ್ನಾಗಿರಿ ಕಡೆಯ ನೆಂಟರ ಜೊತೆ ಗ್ರೀಸ್ ದೇಶದ ಹಡಗು ಹತ್ತಿ, ಇಪ್ಪತ್ತು ವರ್ಷ ಅಲ್ಲಿ ಅಡುಗೆ ಮಾಡಿ ಊರಿಗೆ ಮರಳಿದ್ದರು. ಮಾಳಿಗೆಯ ಮೇಲೆ ಬಣ್ಣದ ಹಳೆಯ ಬಕೆಟ್ಟಿನಲ್ಲಿ ಈ ಸೊಪ್ಪು ಬೆಳೆಸಿ, ಒಣಗಿಸಿ, ಬಿಸ್ಕೀಟಿನ ಡಬ್ಬಿಯಲ್ಲಿ ಇಡುತ್ತಿದ್ದರು. ಕಡಲೆಹಿಟ್ಟಿನ ಝುಣಕಕ್ಕೂ ಅದೇ, ಬದನೆಕಾಯಿ ಪಲ್ಯಕ್ಕೂ ಅದೇ. ನಮ್ಮ ಮನೆಗೆ ಬಟ್ಟಲು ತಂದು ಕೊಟ್ಟರೆ ನಾವು ಅವರು ಹೋದ ಮೇಲೆ ಆ ಪುಡಿಯನ್ನು ಬೆರಳಲ್ಲಿ ಬದಿಗೆ ಸರಿಸಿ ಉಣ್ಣುತ್ತಿದ್ದೆವು.

“ರೀಗಾನಿ ಅಂತಾರ ಬೇಟಿ ಇದಕ್ಕ,” ಎನ್ನುತ್ತಿದ್ದರು. “ಇದು ಬೀಳದ ಮಟನ್ ಜನ್ನತ್ತಿಗೆ ಹೋಗಂಗಿಲ್ಲ.”

ಅವರು ಮದುವೆಯಾಗದ ಮನುಷ್ಯ ಎಂದೇ ಓಣಿಯ ಬಹಳ ಜನ ತಿಳಿದಿದ್ದರು. ಆಗಿತ್ತು. ಪಿರೇಯಸ್ ಎಂಬ ಬಂದರಿನ ಊರಿನಲ್ಲಿ ಹೆಂಡತಿ, ಆರು ವರ್ಷದ ಮಗಳು. ಇಲ್ಲಿ ಅವರ ತಾಯಿ ಹಾಸಿಗೆ ಹಿಡಿದಾಗ ಹಿರಿಯ ಮಗನೆಂದು ಇವರಿಗೆ ಕರೆ ಬಂತು. ಆಕೆ ತನ್ನ ಊರು ಬಿಟ್ಟು ಬರಲಾರೆ ಎಂದಳು. ಇವರು ತಾಯಿಯನ್ನು ಬಿಡಲಾರದಾದರು. ಬೇರೆಯಾಗೋಣ ಎಂಬ ಮಾತನ್ನು ಮೊದಲು ಎತ್ತಿದವರು ಚಾಚಾನೇ.

ಇಲ್ಲಿ ನಮ್ಮ ಕಡೆಯ ಒಂದು ರೂಢಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅಣ್ಣತಮ್ಮಂದಿರು ಬೇರೆಯಾಗುವಾಗ ವಾಟ್ಣಿ ಆಗುತ್ತದೆ. ಅಂದರೆ ಮನೆಯ ಆಸ್ತಿ ಪಾಲಾಗುತ್ತದೆ. ಪಾಲು ಹಾಕಿದವನು ಮೊದಲು ಎತ್ತಿಕೊಳ್ಳಬಾರದು. ಉಳಿದವರೆಲ್ಲ ಆರಿಸಿಕೊಂಡ ಮೇಲೆ ಕೊನೆಗೆ ಉಳಿದದ್ದು ಅವನದು, ಮತ್ತು ಅವನು ಬಾಯಿಬಿಟ್ಟು ಇಂಥದ್ದು ಬೇಕು ಎನ್ನಬಾರದು. ತೆಲಸಂಗದ ನನ್ನ ತವರುಮನೆಯಲ್ಲೂ ಹಾಗೇ ಆಯಿತು. ದೊಡ್ಡಪ್ಪ ಪಾಲು ಹಾಕಿದರು, ಕೊನೆಗೆ ಅವರ ಪಾಲಿಗೆ ಕುಂಟೆಮ್ಮೆ ಉಳಿಯಿತು. ಅದರ ಹಗ್ಗ ಹಿಡಿದು ಅವರು ನಡೆದುಹೋದದ್ದನ್ನು ಊರು ಇವತ್ತಿಗೂ ಹೊಗಳುತ್ತದೆ.

ಚಾಚಾ ಪಿರೇಯಸ್ಸಿನಲ್ಲಿ ಇದನ್ನೇ ಮಾಡಿದರು. ಬೇರೆಯಾಗುವ ಮಾತು ತನ್ನದು, ಆದ್ದರಿಂದ ಆರಿಸುವುದು ಆಕೆಯದು. ಆಕೆ ಮನೆಯನ್ನೂ ಮಗಳನ್ನೂ ಆರಿಸಿಕೊಂಡಳು. ಉಳಿದದ್ದು ಒಂದು ಚೀಲ, ಒಂದು ಚೂರಿ, ಒಂದು ಡಬ್ಬಿ ರೀಗಾನಿ. ಅದನ್ನೇ ತೆಗೆದುಕೊಂಡು ತುಟಿ ಬಿಚ್ಚದೆ ಬಂದುಬಿಟ್ಟರು. ನ್ಯಾಯವಾಗಿ ನಡೆದುಕೊಂಡೆ ಎಂದು ನಂಬಿದ್ದರು ಆ ಮನುಷ್ಯ...

ಇಪ್ಪತ್ತು ವರ್ಷವಾದ ಮೇಲೆ ಆ ಮಗಳು ತಂದೆಯ ಹಡಗಿನ ಹಳೆಯ ಗೆಳೆಯನೊಬ್ಬನನ್ನು ಹಿಡಿದು ವಿಳಾಸ ಕೇಳಿದಳು. ಚಾಚಾನ ಕೈಯಲ್ಲಿದ್ದದ್ದು ಗುಂಡಿ ಒತ್ತುವ ಫೋನು, ಅದಕ್ಕೇ ಆ ಗೆಳೆಯನಿಗೆ ನನ್ನ ನಂಬರು ಕೊಟ್ಟಿದ್ದರು. ಒಂದು ದಿನ ನನ್ನ ಫೋನಿಗೆ ಗ್ರೀಕಿನಲ್ಲಿ ಎರಡು ಸಾಲು ಬಂದವು. ಫೋನೇ ಅದನ್ನು ಇಂಗ್ಲಿಷಿಗೆ ತಿರುಗಿಸಿತು. ನಾನು ಚಾಚಾಗೆ ಕನ್ನಡದಲ್ಲಿ ಹೇಳಿದೆ: ನೀವಿಬ್ಬರೂ ಬೇರೆಯಾದದ್ದು ಗೊತ್ತು. ನಾನು ಬೇಕೆಂದು ನೀನು ಯಾಕೆ ಕೇಳಲಿಲ್ಲ?

ಚಾಚಾ ನಮ್ಮ ಕಟ್ಟೆಯ ಮೇಲೆ ಕೂತರು. “ಕೇಳಬಾರದಲ್ಲ ಬೇಟಿ... ಪಾಲು ಹಾಕಿದಾಂವ ಕೇಳಬಾರದಲ್ಲ.”

ಇದನ್ನು ಅವಳಿಗೆ ತಿಳಿಸಬೇಕಿತ್ತು, ಅಷ್ಟೇ ಕೆಲಸ. ನಾನು ಇಂಗ್ಲಿಷ್ ಕಲಿಸುವವಳು, ನೀರು ಕುಡಿದಷ್ಟು ಸುಲಭ ಎಂದುಕೊಂಡೆ. ಕನ್ನಡದಿಂದ ನೇರ ಗ್ರೀಕಿಗೆ ಹಾಕಿದರೆ ಫೋನು ತಲೆಬುಡವಿಲ್ಲದ್ದನ್ನು ಕೊಡುತ್ತಿತ್ತು. ಹಾಗಾಗಿ ಚಾಚಾ ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿಗೆ ಮಾಡುವುದು, ಫೋನು ಗ್ರೀಕಿಗೆ ಮಾಡುವುದು, ಅದನ್ನು ಮತ್ತೆ ಚಾಚಾ ಓದಿ ಒಪ್ಪುವುದು. ಆದರೆ ಅವರಿಗೆ ಗೊತ್ತಿದ್ದದ್ದು ಎಣ್ಣೆ ಡಬ್ಬಿಗಳ ಮೇಲಿನ ದೊಡ್ಡಕ್ಷರ, ಅಂದರೆ ಕ್ಯಾಪಿಟಲ್, ಮಾತ್ರ. ಫೋನಿನ ಸಣ್ಣಕ್ಷರ ನೋಡಿ ನಾನು ನೋಟುಬುಕ್ಕಿನಲ್ಲಿ ಗ್ರೀಕ್ ದೊಡ್ಡಕ್ಷರ ತಿದ್ದಬೇಕಾಯಿತು, ಒಂದನೆಯ ಇಯತ್ತೆಯ ಹುಡುಗಿಯ ಹಾಗೆ.

ಪ್ರತಿ ರವಿವಾರ ಊಟವಾದ ಮೇಲೆ ಕೂರುತ್ತಿದ್ದೆವು. ಮೊದಲು ಸೆಪರೇಶನ್ ಎಂಬ ಶಬ್ದ. ಫೋನು ಖೋರಿಸ್ಮೋಸ್ ಎಂದಿತು. ಚಾಚಾ ಬೆರಳಿಟ್ಟು ಓದಿ ತಲೆದೂಗಿದರು.

“ಇದು ಗೊತ್ತೈತಿ. ರೇಡಿಯೋದಾಗ ಅಳೂ ಹಾಡಿನಾಗ ಬರ್ತಿತ್ತು. ಇರ್ಲಿ ಇದು.”

ಅಲ್ಲಿಗೆ ನಮ್ಮ ಅದೃಷ್ಟ ಮುಗಿಯಿತು. ವಾಟ್ಣಿಗೆ ಏನು ಹೇಳುವುದು? ಡಿವಿಜನ್ ಎಂದು ಹಾಕಿದೆ. ಬಂದ ಗ್ರೀಕ್ ಶಬ್ದವನ್ನು ಮರಳಿ ತಿರುಗಿಸಿ ನೋಡಿದರೆ ಗಣಿತದ ಭಾಗಾಕಾರ. ಪಾರ್ಟಿಶನ್ ಎಂದು ಹಾಕಿದೆ. ಕೋಣೆಯ ನಡುವೆ ನಿಲ್ಲಿಸುವ ಹಲಗೆಯ ಅಡ್ಡಗೋಡೆ ಬಂತು. ಡಿಸ್ಟ್ರಿಬ್ಯೂಶನ್ ಎಂದೆ. ದಿಯಾನೊಮಿ ಎಂದಿತು ಫೋನು.

“ಇದು ಬ್ಯಾಡ,” ಎಂದರು ಚಾಚಾ. “ಸೈಕಲ್ ಮ್ಯಾಲ ಬಂದು ಮನಿಮನಿಗೆ ಸಾಮಾನು ಕೊಡ್ತಾರಲ್ಲ, ಅದು ಇದು. ನಾ ನನ್ನ ಮಗಳನ್ನ ಸಾಮಾನಿನಂಗ ಕೊಟ್ಟ ಬಂದೆ ಅಂತ ಬರೀಲೇನು?”

“ಮತ್ತ ಯಾವ ಶಬ್ದ ಅಂತ ನೀವ ಹೇಳ್ರಿ ಚಾಚಾ. ಇಪ್ಪತ್ತು ವರ್ಷ ಅಲ್ಲೇ ಇದ್ರಲ್ಲ?”

“ನಾ ಅಡಿಗಿಮನ್ಯಾಗ ಇದ್ದೆ ಬೇಟಿ. ಉಳ್ಳಾಗಡ್ಡಿಗೆ ಏನಂತಾರ ಕೇಳು, ಹೇಳ್ತೀನಿ. ಎಣ್ಣಿ, ಉಪ್ಪು, ಚೂರಿ, ಕುದಸೂದು, ಹುರಿಯೂದು. ಬ್ಯಾರೆ ಆಗೂ ಮಾತು ಯಾರು ಕಲಿಸ್ತಾರ?”

ಹೆಂಡತಿಯ ಜೊತೆ ಹೇಗೆ ಮಾತಾಡುತ್ತಿದ್ದರು ಎಂದು ಕೇಳಿದೆ. ಉಂಡಿಯಾ, ನೀರು ಕೊಡು, ಮಗು ಮಲಗಿತಾ, ಇಷ್ಟರಲ್ಲೇ ಸಂಸಾರ ಆಗುತ್ತಿತ್ತಂತೆ. ಮನುಷ್ಯರು ಇಷ್ಟು ಕಡಿಮೆ ಶಬ್ದದಲ್ಲಿ ಕೂಡಿ ಬಾಳಬಹುದು, ಬೇರೆಯಾಗಲಿಕ್ಕೆ ಮಾತ್ರ ಒಂದು ಡಿಕ್ಷನರಿ ಬೇಕು ಎಂದು ನನಗೆ ಆಗ ತಲೆ ಕೆಟ್ಟಿತು.

ನಾಲ್ಕು ರವಿವಾರ ಹೋದವು. ರೂಢಿಯನ್ನು ಬಿಡಿಸಿ ಬರೆದರೆ ಇಂಗ್ಲಿಷಿನಲ್ಲೇ ಒಂದು ಪುಟವಾಗುತ್ತಿತ್ತು, ಗ್ರೀಕಿನಲ್ಲಿ ಕಲಸುಮೇಲೋಗರವಾಗುತ್ತಿತ್ತು. ಚಾಚಾ ಓದಿ ಓದಿ ಒಂದೇ ಮಾತು: “ಇದು ಕೋರ್ಟಿನ ಮಾತು. ಇದ್ರಾಗ ನಾ ಎಲ್ಲಿದೀನಿ?” ನನಗೆ ಮನೆ, ಕಾಲೇಜು, ಪರೀಕ್ಷೆ ಪೇಪರು. ಐದನೆಯ ರವಿವಾರ ಅವರು ನಮಾಜಿಗೆಂದು ಎದ್ದುಹೋದರು, “ಬಂದು ನೋಡ್ತೀನಿ, ಕಳಸಬ್ಯಾಡ” ಎಂದು ಹೇಳಿ. ನನಗೆ ತಡೆಯಲಾಗಲಿಲ್ಲ. ಒಂದೇ ಸಾಲು ಮಾಡಿದೆ. ಬೇರೆಯಾದಾಗ ನಿನ್ನ ತಾಯಿ ಮೊದಲು ಆರಿಸಿಕೊಂಡಳು, ನೀನು ಅವಳ ಪಾಲಿಗೆ ಬಂದೆ. ಚೊಕ್ಕವಾದ ಇಂಗ್ಲಿಷು. ಗ್ರೀಕಿಗೆ ಹಾಕಿ ಮರಳಿ ತಿರುಗಿಸಿದೆ, ಒಂದಕ್ಷರ ತಪ್ಪಿರಲಿಲ್ಲ. ಕಳಿಸಿಬಿಟ್ಟೆ.

ಮರುದಿನ ಉತ್ತರ ಬಂತು. ನಾನು ಪಾತ್ರೆಯೂ ಅಲ್ಲ, ಕುರ್ಚಿಯೂ ಅಲ್ಲ.

ಚಾಚಾಗೆ ಹೇಳಲೇಬೇಕಾಯಿತು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಹತ್ತು ವರ್ಷದಿಂದ ಬೇಟಿ ಎನ್ನುತ್ತಿದ್ದವರು ಅವತ್ತು ಮೊದಲ ಸಲ ನನ್ನನ್ನು, ಸಾಲೆಯ ಟೀಚರನ್ನು ಕರೆಯುವ ಹಾಗೆ, ಅಕ್ಕೋರ ಎಂದರು.

“ಅಕ್ಕೋರ, ನಿಮ್ಮ ಫೋನಿನಾಗ ಧ್ವನಿ ಹಿಡೀಲಾಕ ಬರ್ತೈತಲ್ರಿ? ಹಿಡೀರಿ.”

ಹಿಡಿದೆ. ನಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಹಳೆಯ ಟೋಪಿ ಸರಿಮಾಡಿಕೊಂಡು, ಎದುರಿಗೆ ಮಗಳೇ ಇದ್ದಾಳೇನೋ ಎಂಬಂತೆ ಗಟ್ಟಿಯಾಗಿ ಮಾತಾಡಿದರು. ಒಂದು ನಿಮಿಷಕ್ಕಿಂತ ತುಸು ಹೆಚ್ಚು. ಪ್ಸೋಮಿ ಎಂಬ ಶಬ್ದ ನಾಲ್ಕೈದು ಸಲ ಬಂತು. ಅದು ಬ್ರೆಡ್ಡು ಎಂದು ನನಗೆ ಅವರೇ ಹಿಂದೆ ಹೇಳಿದ್ದರು. ಕೊಯ್ಯುವ ಹಾಗೆ ಕೈ ಆಡಿಸಿದರು. ಆ ಕೈ ಧ್ವನಿಯಲ್ಲಿ ಕಾಣುವುದಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ. ಮುಗಿಸಿ ನನಗೆ ಕನ್ನಡದಲ್ಲಿ ಹೇಳಿದರು.

“ನಾ ಬ್ರೆಡ್ ಕೊಯ್ಯಾಂವ. ಕೊಯ್ದಾಂವ ಕಡೀಗೆ ತಿಂತಾನ. ಹಡಗಿನಾಗೂ ಹಂಗ, ನನ್ನ ಊರಾಗೂ ಹಂಗ. ಮೊದಲ ಅಮ್ಮ ತಗೊಂಡ್ಳು. ನನಗ ನೀ ಬೇಕಾಗಿದ್ದಿ. ಹಸಿವು ಇತ್ತು, ಬಾಯಿ ಮುಚ್ಚಿದ್ದೆ. ಬಾಯಿ ಮುಚ್ಚಿದ್ದು ತಪ್ಪು. ಇಷ್ಟ ಹೇಳಿನಿ. ಕಳಸ್ರಿ.”

ಕಳಿಸಬೇಕಿತ್ತು, ಬೆರಳು ಒತ್ತುವಷ್ಟೇ ಕೆಲಸ.

ನಾನು ಕಳಿಸಲಿಲ್ಲ. ಒಮ್ಮೆ ಕೈ ಸುಟ್ಟುಕೊಂಡವಳು ನಾನು, ಮತ್ತೆ ಎಡವಟ್ಟಾದರೆ ಹುಡುಗಿ ಪೂರಾ ಕೈತಪ್ಪುತ್ತಾಳೆ ಎಂದು ಹೆದರಿದೆ. ಆ ಧ್ವನಿಯನ್ನು ಫೋನಿಗೇ ಕೇಳಿಸಿ ಅಕ್ಷರ ಮಾಡಿಸಿದರೆ, ವ್ಯಾಕರಣ ಎಂಬುದೇ ಇಲ್ಲದ ಮಾತು ಎಂದು ಕಾಣಿಸಿತು. ನಾನು ತಿದ್ದಿ ತಿದ್ದಿ ರೂಢಿಯಾದವಳು. ಮಕ್ಕಳ ಪೇಪರಿನಲ್ಲಿ ಕೆಂಪು ಗೆರೆ ಎಳೆಯದೆ ಒಂದು ಪುಟ ದಾಟಿಸಿದವಳಲ್ಲ. ಕೊಲ್ಹಾಪುರದಲ್ಲಿ ಗ್ರೀಕ್ ಬಲ್ಲವರು ಯಾರೋ ಇದ್ದಾರಂತೆ, ಅವರಿಗೆ ಕೇಳಿಸಿ, ಸರಿಮಾಡಿಸಿ ಕಳಿಸೋಣ ಎಂದೆ.

“ತಪ್ಪಿದ್ರ ತಪ್ಪಿರ್ಲಿ,” ಎಂದರು ಚಾಚಾ. “ಆಕೀಗೆ ನನ್ನ ತಪ್ಪು ಮಾತು ಸಣ್ಣಾಕಿ ಇದ್ದಾಗಿಂದ ಗೊತ್ತೈತಿ.”

“ಪರೀಕ್ಷಾ ಮುಗೀಲಿ ಚಾಚಾ, ಸರಿಮಾಡಿ ಕಳಸ್ತೀನ್ರಿ.”

ಆಮೇಲೆ ಅವರು ದಿನಾ ಕೇಳಲಿಲ್ಲ. ಸೊಪ್ಪಿನ ಬಕೆಟ್ಟಿಗೆ ನೀರು ಹಾಕಲು ಮಾಳಿಗೆಗೆ ಬಂದಾಗ ನಮ್ಮ ಹಿತ್ತಿಲಿನತ್ತ ಒಮ್ಮೆ ನೋಡುತ್ತಿದ್ದರು. ನಾನು ತಲೆ ಅಲ್ಲಾಡಿಸುತ್ತಿದ್ದೆ, ಇನ್ನೂ ಇಲ್ಲ ಎಂದು. ಕೊಲ್ಹಾಪುರದವರು ಇವತ್ತು ನಾಳೆ ಎಂದರು, ಕೊನೆಗೆ ತಮಗೆ ಗೊತ್ತಿರುವುದು ಎರಡು ಸಾವಿರ ವರ್ಷ ಹಿಂದಿನ ಗ್ರೀಕು, ಅಡುಗೆಯವನ ಗ್ರೀಕಲ್ಲ ಎಂದರು. ಪರೀಕ್ಷೆ ಮುಗಿಯಿತು, ಪೇಪರ್ ತಿದ್ದುವ ಕೆಲಸ ಬಂತು. ಒಂದು ಬೆಳಿಗ್ಗೆ ಪಕ್ಕದ ಮನೆಯಿಂದ ಹಾಲು ಉಕ್ಕಿ ಸೀದ ವಾಸನೆ ಬಂತು. ನಮ್ಮವರು ಹೋಗಿ ನೋಡಿದರೆ ಚಾಚಾ ಒಲೆಯ ಮುಂದೆ ಗೋಡೆಗೆ ಒರಗಿ ಕೂತಿದ್ದರು. ಜೀವ ಇರಲಿಲ್ಲ.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿಸಿ ಬಂದ ಮೇಲೆ ಆ ಹುಡುಗಿಗೆ ಸುದ್ದಿ ತಿಳಿಸಿದೆ. ಹಿಂದೆಯೇ ಧ್ವನಿಯನ್ನೂ ಕಳಿಸಿದೆ. ತಿದ್ದದೆ, ತುಂಡರಿಸದೆ, ಕೊನೆಯಲ್ಲಿ ನಮ್ಮ ಹಿತ್ತಿಲ ಕೋಳಿ ಕೂಗಿದ್ದೂ ಅದರಲ್ಲಿತ್ತು. ಕೇಳಿದಳು ಎಂದು ಗುರುತು ಬಂತು. ಆಮೇಲೆ ಮೂರು ಸಾಲು.

ತುಂಬ ತಪ್ಪುಗಳಿವೆ. ಎಲ್ಲ ಅರ್ಥವಾಯಿತು. ಇದನ್ನು ಅವರು ಹೇಳಿದ್ದು ಯಾವಾಗ?

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಮೂರು ತಿಂಗಳ ಹಿಂದೆ ಎಂದು ಇಂಗ್ಲಿಷಿನಲ್ಲಿ ಬರೆದು ಗ್ರೀಕಿಗೆ ಹಾಕಿದೆ, ಮರಳಿ ತಿರುಗಿಸಿ ನೋಡಿದೆ. ಮೂರು ತಿಂಗಳ ಹಿಂದೆ ಎಂದೇ ಬಂತು. ಈ ಸಲವೂ ಒಂದಕ್ಷರ ತಪ್ಪಿರಲಿಲ್ಲ. ಕಳಿಸಿದೆ. ಅವಳು ಮತ್ತೆ ಬರೆದಿಲ್ಲ... ಬರೆಯಲಿ ಎಂದು ನಾನು ಯಾವ ಮುಖ ಇಟ್ಟುಕೊಂಡು ಕೇಳಲಿ?

ಇದೆಲ್ಲ ಆಗಿ ಐದು ವರ್ಷವಾಯಿತು. ಚಾಚಾನ ಮನೆಯಲ್ಲಿ ಈಗ ಅವರ ತಮ್ಮನ ಮೊಮ್ಮಕ್ಕಳಿದ್ದಾರೆ. ಮಾಳಿಗೆಯ ಬಕೆಟ್ಟಿನಲ್ಲಿ ತುಳಸಿಯಂತೆ ಕಾಣುವ ಯಾವುದೋ ಕಳೆ ಎದ್ದಿದೆ. ಆ ಸೊಪ್ಪನ್ನು ಒಂದು ಎಸಳಾದರೂ ಉಳಿಸಿಕೊಳ್ಳಬೇಕಿತ್ತು, ಅದೂ ನನಗೆ ಹೊಳೆಯಲಿಲ್ಲ.

ಪಿಜ್ಜಾ ಅಂಗಡಿಯಲ್ಲಿ ಗಣಿತದ ಸರ್ ತಾವೇ ಕೊಯ್ದು ಎಲ್ಲರ ತಟ್ಟೆಗೂ ಹಾಕುತ್ತಿದ್ದರು. ಹೆಂಡತಿಗೆ, ಮಗಳಿಗೆ, ನಮಗೆ. ಕೊನೆಗೆ ತಮ್ಮ ತಟ್ಟೆಗೆ ಅಂಚಿನ ಒಣ ತುಂಡು ಹಾಕಿಕೊಂಡು, ನನಗೆ ಹಸಿವೇ ಇಲ್ಲ ಎಂದರು. ನಮ್ಮ ಕಡೆಯ ಗಂಡಸರು ಎಲ್ಲರೂ ಹೀಗೇ.

“ಸರ್, ಬೇಕಿದ್ರ ಬೇಕಂತ ಬಾಯಿಬಿಟ್ಟು ಹೇಳ್ರಿ. ಮಗಳ ಎದುರಿಗೇ ಹೇಳ್ರಿ,” ಎಂದೆ. ಸ್ವಲ್ಪ ಜೋರಾಗಿಯೇ ಬಂತು ಮಾತು. ಎಲ್ಲರೂ ನಕ್ಕರು, ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡು. ಹುಟ್ಟುಹಬ್ಬದ ಹುಡುಗಿ ಮಾತ್ರ ತನ್ನ ತಟ್ಟೆಯಿಂದ ಅರ್ಧ ಮುರಿದು ಅಪ್ಪನ ತಟ್ಟೆಗೆ ಹಾಕಿತು. ನಾನು ಹರಿದ ಪೊಟ್ಟಣವನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡೆ. ಮನೆಗೆ ಬಂದು ನೋಡಿದರೆ ಪುಡಿಯೆಲ್ಲ ಪರ್ಸಿನೊಳಗೇ ಚೆಲ್ಲಿ ಹೋಗಿತ್ತು. ಅದರಲ್ಲಿದ್ದ ಫೋನಿಗೆ ಮಾತ್ರ ಇನ್ನೂ ಆ ವಾಸನೆ ಹತ್ತಿಕೊಂಡಿದೆ.